ಪಂಜರದೊಳಗಿನ ಪ್ರೊಜೆಕ್ಟರ್ ಜೊತೆ ಒಂದು ಪೀರಿಯಡ್ಡು

ಕೃಷ್ಣಮೂರ್ತಿಪುರಂನ ಕಾಲೇಜೊಂದರ ಬಿ.ಕಾಂ. ತರಗತಿ. (ಯಾವ ಕಾಲೇಜು ಅಂತ ಕೇಳಬೇಡಿ, ಕಲ್ಪನೆಯದು.) ಚಾವಣಿಯಿಂದ ಇಳಿಬಿಟ್ಟ ಕಬ್ಬಿಣದ ಪಂಜರ, ಅದಕ್ಕೆ ಅಂಗೈಯಗಲದ ಬೀಗ, ಒಳಗೆ ಪ್ರೊಜೆಕ್ಟರ್. ಹಣೆಯ ಮೇಲೆ ಬಿಳಿ ಪೇಂಟಿನಲ್ಲಿ ಸ್ಟಾಕ್ ನಂಬರು. ಕೊನೆಯ ಅಂಕಿಯ ಬಣ್ಣ ಲೆನ್ಸಿನ ಮೇಲೂ ಸೋರಿದೆ.

ಪ್ರ: ನಮಸ್ಕಾರ. ಕ್ಷೇಮವೇ?

ಉ: ಭದ್ರವಾಗಿದ್ದೇನೆ. ಕ್ಷೇಮದ ಮಾತು ಬೇರೆ.

ಪ್ರ: ಇಷ್ಟೊಂದು ಕಾವಲು ಯಾಕೆ?

ಉ: ಇದು ಮೈಸೂರು ಸ್ವಾಮಿ. ಮಾನಸಗಂಗೋತ್ರಿಯಲ್ಲಿ ಬೇರೂರಿ ನಿಂತ ಗಂಧದ ಮರವನ್ನೇ ರಾತ್ರೋರಾತ್ರಿ ಕೊಯ್ದುಕೊಂಡು ಹೋದವರಿದ್ದಾರೆ. ನಾನು ನಾಲ್ಕು ಸ್ಕ್ರೂ ನಂಬಿ ನೇತಾಡುವವನು.

ಪ್ರ: ಕದ್ದರೆ ಶಿಕ್ಷೆಯಿಲ್ಲವೇ?

ಉ: ಉಂಟು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಂ. ಸ್ವತ್ತು ಇಟ್ಟ ಕಟ್ಟಡದಲ್ಲಿ ಕದ್ದವನಿಗೆ 7 ವರ್ಷದವರೆಗೆ ಸಜೆ. ಅವನಿಗೆ ಜಾಮೀನಾದರೂ ಸಿಕ್ಕೀತು. ನಾನು ಏನನ್ನೂ ಕದಿಯದೆ ಒಳಗಿದ್ದೇನೆ.

ಪ್ರ: ಪಾಠಕ್ಕೆ ಬಳಸುವುದಿಲ್ಲವೇ?

ಉ: ರಿಮೋಟು ಆಫೀಸಿನ ಬೀರುವಿನಲ್ಲಿ. ಬೀರುವಿನ ಬೀಗದಕೈ ಸೂಪರಿಂಟೆಂಡೆಂಟರ ಹತ್ತಿರ. ಅವರು ರಜ. ಮೇಷ್ಟ್ರು ಅರ್ಜಿ ಬರೆದು, ಎಚ್‌ಓಡಿ ರುಜು ಹಾಕಿಸಿ, ಅಟೆಂಡರನ್ನು ಹುಡುಕುವಷ್ಟರಲ್ಲಿ ಬೆಲ್ಲು. ಈಗ ಸೀಮೆಸುಣ್ಣ ಹಿಡಿದಿದ್ದಾರೆ.

ಪ್ರ: ಬೇರೆ ದಾರಿ ಇರಲಿಲ್ಲವೇ?

ಉ: ನನ್ನ ಪಕ್ಕೆ ನೋಡಿ. ಉಕ್ಕಿನ ತಂತಿಯ ಬೀಗ ಸಿಕ್ಕಿಸಲೆಂದೇ ಕಂಪನಿಯವರು ಬಿಟ್ಟ ಸಣ್ಣ ಕಿಂಡಿ. ಅದರಲ್ಲಿ ಜೇಡ ಸಂಸಾರ ಹೂಡಿದೆ. ಇನ್ನು, ಮೆನುವಿನಲ್ಲಿ ಪಾಸ್‌ವರ್ಡ್ ಹಾಕಿಟ್ಟರೆ ಕದ್ದವನ ಕೈಯಲ್ಲಿ ನಾನು ಬರೀ ಡಬ್ಬ. ಕಾಸು ಖರ್ಚಿಲ್ಲ. ಅದೇ ತೊಂದರೆ ನೋಡಿ, ಖರ್ಚಿಲ್ಲದ ಕೆಲಸಕ್ಕೆ ಕೊಟೇಶನ್ ಕರೆಯುವುದು ಹೇಗೆ? ಪಂಜರಕ್ಕಾದರೆ ಮೂರು ಬಂದವು.

ಪ್ರ: ಅಂತೂ ಇಲ್ಲಿಯವರೆಗೆ ಕಳವಾಗಿಲ್ಲ.

ಉ: ಹೊರಗಿನವರಿಂದ ಆಗಿಲ್ಲ. ರಿಮೋಟಿನ ಸೆಲ್ಲು ಬೀರುವಿನೊಳಗಿಂದಲೇ ಎದ್ದು ಸ್ಟಾಫ್‌ರೂಮಿನ ಗಡಿಯಾರಕ್ಕೆ ಹೋಯಿತು. ಎಚ್‌ಡಿಎಂಐ ಕೇಬಲ್ಲನ್ನು 2023ರ ವರ್ಲ್ಡ್ ಕಪ್ ಫೈನಲ್ ನೋಡಲೆಂದು ಯಾರೋ ಮನೆಗೆ ಒಯ್ದರು. ಕಪ್ಪೂ ಬರಲಿಲ್ಲ, ಕೇಬಲ್ಲೂ ಬರಲಿಲ್ಲ.

ಪ್ರ: ಮೈಮೇಲೆ ಇಷ್ಟು ಧೂಳು! ಒರೆಸುವವರಿಲ್ಲವೇ?

ಉ: ಏಣಿ ಬೇಕಲ್ಲ. ಅದನ್ನು ಯಾರೋ ಹೊತ್ತುಕೊಂಡು ಹೋದರು.

ಪ್ರ: ಪೊಲೀಸಿಗೆ ದೂರು?

ಉ: ಯಾಕೆ ಕೊಡುತ್ತಾರೆ? ಮಾರ್ಚ್ ಕೊನೆಯಲ್ಲಿ ಸ್ಟಾಕ್ ವೆರಿಫಿಕೇಶನ್ ಆಯಿತು. ಬುಕ್ಕಿನಲ್ಲಿ ಸಾಹೇಬರ ರುಜು ಸಮೇತ ಇದೆ: ‘ಏಣಿ, ಒಂದು, ಸುಸ್ಥಿತಿಯಲ್ಲಿದೆ.’