ತೆರಿಗೆಯಿಲ್ಲದ ಊರು

ಬಸವನಗುಡಿಯ ರಾಯರಿಗೆ ದುಬೈನಲ್ಲಿ ಕೆಲಸ ಸಿಕ್ಕಿದೆ. ಕೈಯಲ್ಲಿ ಕ್ಯಾಲ್ಕುಲೇಟರ್, ಮುಖದಲ್ಲಿ ಆಗಲೇ ಶೇಖ್ ಕಳೆ.

"ಸಂಬಳಕ್ಕೆ ಇನ್‌ಕಮ್ ಟ್ಯಾಕ್ಸೇ ಇಲ್ಲ ಕಣೇ!"

"ಬಾಡಿಗೆ ಹೇಗ್ರೀ?"

"ವರ್ಷದ್ದಕ್ಕೆಲ್ಲ ಮೊದಲೇ ನಾಲ್ಕು ಚೆಕ್ ಬರೆದುಕೊಟ್ಟರಾಯ್ತು. ತಿಂಗಳಾ ತಿಂಗಳಾ ಓನರ್ ಮುಖ ನೋಡೋ ಕರ್ಮ ಇಲ್ಲ."

"ಅಷ್ಟೇನಾ?"

"ಬಾಡಿಗೆಯ ಶೇಕಡಾ 5 ಹೌಸಿಂಗ್ ಫೀ. ಕರೆಂಟು, ನೀರಿನ ಬಿಲ್ಲಿಗೇ ಸೇರಿಸ್ತಾರೆ. ಟ್ಯಾಕ್ಸ್ ಅಲ್ಲ ಮತ್ತೆ, ಫೀ!"

"ಅಂಗಡೀಲಿ?"

"2018ರಿಂದ ವ್ಯಾಟ್ ಇದೆ, ಅದೂ 5. ನಮ್ಮ ಜಿಎಸ್‌ಟಿ ಮುಂದೆ ಕೂಸು."

"ರಸ್ತೇಲಿ?"

"ಸಾಲಿಕ್ ಅಂತ ಟೋಲು. ಕಾರು ನಿಲ್ಲಿಸೋದೇ ಬೇಡ, ಓಡ್ತಿರುವಾಗಲೇ ದುಡ್ಡು ಹೋಗುತ್ತೆ. ಎಂಥಾ ಸೌಕರ್ಯ!"

"ಮಕ್ಕಳ ಸ್ಕೂಲು?"

"ಸಿಬಿಎಸ್‌ಇ ಸ್ಕೂಲುಗಳಿವೆ, ಎಲ್ಲಾ ಪ್ರೈವೇಟು. ಫೀಸು ದಿರ್ಹಮ್‌ನಲ್ಲಿ ನೋಡಿದ್ರೆ ಸಣ್ಣದಾಗೇ ಕಾಣುತ್ತೆ."

"ರೂಪಾಯಿಗೆ ಬದಲಾಯಿಸಿ ಹೇಳ್ರೀ."

"ಛೆ! ಸಂಬಳ ಮಾತ್ರ ರೂಪಾಯಿಗೆ ಬದಲಾಯಿಸಬೇಕು. ಖರ್ಚನ್ನ ದಿರ್ಹಮ್‌ನಲ್ಲೇ ಬಿಡಬೇಕು."

(ಹೊರನಾಡಿಗೆ ಹೊರಟವರೆಲ್ಲ ಪಾಲಿಸುವ ಲೆಕ್ಕಶಾಸ್ತ್ರ ಇದೇ. ಮದುವೆ ಮಾರುಕಟ್ಟೆಯಲ್ಲೂ ಇದಕ್ಕೆ ಮಾನ್ಯತೆಯಿದೆ.)

"ಬೇಸಿಗೇಲಿ 45 ಡಿಗ್ರಿಯಂತೆ?"

"ಹೊರಗಡೆ ತಾನೇ! ಮನೆ, ಕಾರು, ಮಾಲು, ಎಲ್ಲಾ ಕಡೆ ಎಸಿ."

"ಪಾತ್ರೆ ತೊಳೆಯೋಕೆ ಯಾರು ಬರ್ತಾರೆ?"

ರಾಯರು ಮೊದಲ ಸಲ ಕ್ಯಾಲ್ಕುಲೇಟರ್ ಕೆಳಗಿಟ್ಟರು. "ಅಲ್ಲಿ ಗಂಟೆ ಲೆಕ್ಕ... ನಾನೇ ತೊಳೀತೀನಿ ಬಿಡು."

"ಇಲ್ಲಿ ಕಾಫಿ ಲೋಟ ಎತ್ತಿಡೋರಲ್ಲ, ನೀವು!"

"ಇಲ್ಲಿ ಟ್ಯಾಕ್ಸ್ ಕಟ್ತೀನಲ್ಲೇ!"

ಒಳಗಿಂದ ಅಮ್ಮನ ದನಿ: "ವರ್ಷದ ಬಾಡಿಗೆ ಮೊದಲೇ ಬರೆದುಕೊಡ್ತಾರಾ? ಅಲ್ಲಿ ಮನೆ ಓನರ್ ಕೆಲಸ ಖಾಲಿ ಇದೆಯಾ, ವಿಚಾರಿಸೋ."