ಉತ್ತರ ಮ್ಯಾಸಿಡೋನಿಯಾ ಮೀಮಾಂಸೆ

ಯಾವುದೇ ಶಾಸ್ತ್ರಗ್ರಂಥ ಶುರುವಾಗುವ ಮುನ್ನ ಅಧಿಕಾರಿ, ವಿಷಯ, ಪ್ರಯೋಜನ, ಸಂಬಂಧ ಎಂಬ ಅನುಬಂಧ ಚತುಷ್ಟಯವನ್ನು ನಿರೂಪಿಸಬೇಕೆಂಬುದು ಹಿರಿಯರ ಕಟ್ಟಳೆ. ಈ ಗ್ರಂಥದ ಅಧಿಕಾರಿ ಉತ್ತರ ಮ್ಯಾಸಿಡೋನಿಯಾ. ವಿಷಯ, ಐರೋಪ್ಯ ಒಕ್ಕೂಟದ ಸದಸ್ಯತ್ವ. ಪ್ರಯೋಜನವೇನೆಂಬುದು 2004ರ ಮಾರ್ಚಿನಲ್ಲಿ ಅರ್ಜಿ ಹಾಕಿದಾಗ ಎಲ್ಲರಿಗೂ ಗೊತ್ತಿತ್ತು. ಇನ್ನು ಉಳಿದದ್ದು ಸಂಬಂಧ, ಅದರಲ್ಲೂ ನೆರೆಹೊರೆಯ ಸಂಬಂಧ. ಗ್ರಂಥ ಬೆಳೆದದ್ದೆಲ್ಲ ಅಲ್ಲೇ.

ಪೂರ್ವಪಕ್ಷ ಹೀಗಿದೆ: ನ್ಯಾಯಾಂಗ ಸ್ವತಂತ್ರವಾಗಿರಲಿ, ಲಂಚ ಇಳಿಯಲಿ, ಅಲ್ಪಸಂಖ್ಯಾತರಿಗೆ ಹಕ್ಕು ಸಿಗಲಿ, ಮಾರುಕಟ್ಟೆ ಗಟ್ಟಿಯಾಗಲಿ, ಬಾಗಿಲು ತಾನಾಗಿ ತೆರೆಯುತ್ತದೆ. 1993ರ ಕೋಪನ್‌ಹೇಗನ್ ಮಾನದಂಡಗಳ ಸಾರ ಇಷ್ಟೇ. ಸಿದ್ಧಾಂತಪಕ್ಷದ ಉತ್ತರ ಇನ್ನೂ ಚಿಕ್ಕದು: ಒಳಗಿರುವ ಪ್ರತಿಯೊಂದು ದೇಶಕ್ಕೂ ಬೇಡ ಎನ್ನುವ ಅಧಿಕಾರವಿದೆ, ಮತ್ತು ಒಳಗಿರುವವರಲ್ಲಿ ಇಬ್ಬರು ಪಕ್ಕದ ಮನೆಯವರು. ಪ್ರಮಾಣ ಬೇಕೆನ್ನುವವರು ಇಸವಿಗಳನ್ನೇ ನೋಡಬಹುದು. 2005ರಲ್ಲಿ ಅಭ್ಯರ್ಥಿ ಪಟ್ಟ ಸಿಕ್ಕಿತು. 2009ರಲ್ಲಿ ಐರೋಪ್ಯ ಆಯೋಗವೇ ಮಾತುಕತೆ ಆರಂಭಿಸಿ ಎಂದು ಶಿಫಾರಸು ಮಾಡಿತು. ಮಾತುಕತೆಯ ಮೊದಲ ಸಭೆ ನಡೆದದ್ದು 2022ರ ಜುಲೈನಲ್ಲಿ.

ಮೊದಲನೆಯದು ನಾಮ ಪ್ರಕರಣ.

ಗ್ರೀಸಿನ ಉತ್ತರ ಭಾಗಕ್ಕೂ ಮ್ಯಾಸಿಡೋನಿಯಾ ಎಂದೇ ಹೆಸರು. ಆದ್ದರಿಂದ ಯುಗೊಸ್ಲಾವಿಯದಿಂದ ಬೇರೆಯಾದ ಮರಿ ದೇಶ ಅದೇ ಹೆಸರಿಟ್ಟುಕೊಂಡಾಗ ಗ್ರೀಸಿಗೆ ತನ್ನ ನೆಲ, ತನ್ನ ಅಲೆಕ್ಸಾಂಡರ್ ಎರಡೂ ಕೈಬಿಟ್ಟಂತೆನಿಸಿತು. 1993ರಲ್ಲಿ ವಿಶ್ವಸಂಸ್ಥೆ ಈ ದೇಶವನ್ನು ‘ಹಿಂದಿನ ಯುಗೊಸ್ಲಾವ್ ಗಣರಾಜ್ಯ ಮ್ಯಾಸಿಡೋನಿಯಾ’ ಎಂದು ಸೇರಿಸಿಕೊಂಡು, ಇಂಗ್ಲಿಷಿನ ‘ದಿ’ ಎಂಬ ಪದದ ಆಧಾರದ ಮೇಲೆ ‘ಟಿ’ ಅಕ್ಷರದಡಿ ಥಾಯ್ಲೆಂಡಿನ ಪಕ್ಕ ಕೂರಿಸಿತು. 1994ರಲ್ಲಿ ಗ್ರೀಸ್ ವ್ಯಾಪಾರ ದಿಗ್ಬಂಧನ ಹಾಕಿತು. ಮರುವರ್ಷ ಬಾವುಟದ ಸೂರ್ಯನೇ ಬದಲಾದ: ಪ್ರಾಚೀನ ವೆರ್ಗಿನಾ ಲಾಂಛನದ 16 ಕಿರಣಗಳು ಹೋಗಿ 8 ಉಳಿದವು. ಖಗೋಳಶಾಸ್ತ್ರ ರಾಜತಾಂತ್ರಿಕತೆಗೆ ಇಷ್ಟು ತಲೆಬಾಗಿದ ನಿದರ್ಶನ ವಿರಳ.

ಅಭ್ಯರ್ಥಿಯೂ ಸುಮ್ಮನಿರಲಿಲ್ಲ. ರಾಜಧಾನಿ ಸ್ಕೋಪಿಯೆಯ ವಿಮಾನ ನಿಲ್ದಾಣಕ್ಕೆ ಅಲೆಕ್ಸಾಂಡರನ ಹೆಸರಿಟ್ಟಿತು. 2011ರಲ್ಲಿ ನಗರದ ನಡುವೆ ಕುದುರೆಯೇರಿದ ವೀರನ ಭಾರೀ ಪ್ರತಿಮೆ ನಿಲ್ಲಿಸಿ, ಅದು ಕೇವಲ ‘ಕುದುರೆ ಮೇಲಿನ ಯೋಧ’ ಎಂದಿತು. ಯೋಧ ಯಾರೆಂದು ಕುದುರೆಗೂ ಗೊತ್ತಿತ್ತು. ಅದೇ ವರ್ಷ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ, 2008ರಲ್ಲಿ ನ್ಯಾಟೊ ಸೇರ್ಪಡೆಗೆ ಗ್ರೀಸ್ ಅಡ್ಡಿಪಡಿಸಿದ್ದು 1995ರಲ್ಲಿ ಎರಡೂ ದೇಶಗಳು ಮಾಡಿಕೊಂಡಿದ್ದ ಒಪ್ಪಂದದ ಉಲ್ಲಂಘನೆ ಎಂದು ತೀರ್ಪಿತ್ತಿತು. ತೀರ್ಪು ಸಿಕ್ಕಿತು, ನ್ಯಾಟೊ ಸಿಗಲಿಲ್ಲ.

ಕೊನೆಗೆ 2018ರ ಜೂನಿನಲ್ಲಿ ಪ್ರೆಸ್ಪಾ ಸರೋವರದ ದಡದಲ್ಲಿ ಪ್ರಧಾನಿಗಳಾದ ಜೋರಾನ್ ಜಾಯೆವ್ ಮತ್ತು ಅಲೆಕ್ಸಿಸ್ ಸಿಪ್ರಾಸ್ ರಾಜಿಯಾದರು. ಹೆಸರಿಗೆ ಉತ್ತರ ದಿಕ್ಕು ಅಂಟಿತು. ಜನಮತ ಸಂಗ್ರಹದಲ್ಲಿ ಮತ ಹಾಕಿದವರಲ್ಲಿ ಶೇ. 90ಕ್ಕೂ ಹೆಚ್ಚು ಮಂದಿ ಹೌದೆಂದರು. ಮತ ಹಾಕಿದವರು ಮಾತ್ರ ಶೇ. 37ರಷ್ಟು. 2020ರಲ್ಲಿ ನ್ಯಾಟೊ ಸದಸ್ಯತ್ವ ಬಂತು. ಒಕ್ಕೂಟದ್ದು?

ಇಲ್ಲೊಂದು ಶಂಕೆ: 2019ರಲ್ಲಿ ಮಾತುಕತೆಗೆ ತಡೆಯೊಡ್ಡಿದ್ದು ಫ್ರಾನ್ಸ್, ಅದು ನೆರೆಯ ದೇಶವೇ ಅಲ್ಲವಲ್ಲ? ಸಮಾಧಾನ: ವೀಟೊ ಉಳ್ಳವರೆಲ್ಲ ನೆರೆಯವರೇ, ಭೂಪಟ ಈ ಶಾಸ್ತ್ರದಲ್ಲಿ ಗೌಣ ಪ್ರಮಾಣ.

ಎರಡನೆಯದು ಅಸ್ಥಿ ಪ್ರಕರಣ. 1992ರಲ್ಲಿ ಈ ದೇಶಕ್ಕೆ ಎಲ್ಲರಿಗಿಂತ ಮೊದಲು ಮಾನ್ಯತೆ ಕೊಟ್ಟದ್ದು ಬಲ್ಗೇರಿಯಾ. ದೇಶ ಉಂಟು, ಅದರ ಭಾಷೆ ಮಾತ್ರ ತನ್ನ ಭಾಷೆಯದೇ ಒಂದು ರೂಪ ಎಂಬುದು ಅದರ ನಿಲುವು. ಆಟೊಮನ್ ಆಳ್ವಿಕೆಯ ವಿರುದ್ಧ ಹೋರಾಡಿ 1903ರಲ್ಲಿ ಸತ್ತ ಗೋತ್ಸೆ ದೆಲ್ಚೆವ್ ಎರಡೂ ಕಡೆಯವರಿಗೆ ವೀರಪುರುಷ. ಹುಟ್ಟಿದ ಊರು ಈಗ ಗ್ರೀಸಿನಲ್ಲಿದೆ. ಮೂಳೆಗಳು ಬಹುಕಾಲ ಬಲ್ಗೇರಿಯದಲ್ಲಿದ್ದು 1946ರಲ್ಲಿ ಸ್ಕೋಪಿಯೆಗೆ ಬಂದವು. ಆತ ಯಾರವನೆಂದು ತೀರ್ಮಾನಿಸುವ ಹೊಣೆ 2017ರ ಸ್ನೇಹ ಒಪ್ಪಂದದಿಂದ ಹುಟ್ಟಿದ ಜಂಟಿ ಇತಿಹಾಸ ಆಯೋಗದ ಮೇಲೆ ಬಿತ್ತು. 2020ರಲ್ಲಿ ಬಲ್ಗೇರಿಯಾ ತನ್ನ ವೀಟೊ ಹಾಕಿತು. ಇತಿಹಾಸದ ಪ್ರಾಧ್ಯಾಪಕರ ಒಮ್ಮತದ ಮೇಲೆ ಒಂದು ದೇಶದ ಭವಿಷ್ಯ ನಿಲ್ಲುವುದೆಂದರೇನೆಂದು ಯಾವುದೇ ವಿಶ್ವವಿದ್ಯಾಲಯದ ವಿಭಾಗೀಯ ಸಭೆಯಲ್ಲಿ ಕುಳಿತವರಿಗೆ ವಿವರಿಸಬೇಕಿಲ್ಲ.

ಮೂರನೆಯದು ಸುಧಾರಣಾ ಪ್ರಕರಣ. ಗ್ರಂಥಕ್ಕೆ ನೆಪ ಇದೇ ಆದರೂ ಓದುಗರು ಕಡಿಮೆ. 2001ರ ಒಹ್ರಿಡ್ ಒಪ್ಪಂದ ಅಲ್ಬೇನಿಯನ್ ಭಾಷಿಕರಿಗೆ ಹಕ್ಕು ಕೊಟ್ಟು ಅಂತರ್ಯುದ್ಧ ತಪ್ಪಿಸಿತು. ಸಾವಿರಾರು ಜನರ ಫೋನು ಕದ್ದು ಕೇಳಿದ ಹಗರಣ 2015ರಲ್ಲಿ ಹೊರಬಿತ್ತು. ಮರುವರ್ಷ ಜನ ಸರ್ಕಾರಿ ಕಟ್ಟಡಗಳಿಗೆ ಬಣ್ಣ ಎರಚಿದರು. ಹತ್ತು ವರ್ಷ ಪ್ರಧಾನಿಯಾಗಿದ್ದ ನಿಕೋಲಾ ಗ್ರುಯೆವ್‌ಸ್ಕಿಗೆ ದುಬಾರಿ ಮರ್ಸಿಡಿಸ್ ಖರೀದಿಯ ಪ್ರಕರಣದಲ್ಲಿ ಎರಡು ವರ್ಷ ಜೈಲು ಶಿಕ್ಷೆಯಾಯಿತು. 2018ರ ನವೆಂಬರಿನಲ್ಲಿ ಅವರು ಹಂಗೆರಿಗೆ ಪರಾರಿಯಾಗಿ ಆಶ್ರಯ ಪಡೆದರು. ಹಂಗೆರಿ ಒಕ್ಕೂಟದ ಸದಸ್ಯ. ಹೀಗೆ ದೇಶಕ್ಕೆ ಸಿಗದ ಪ್ರವೇಶ ಶಿಕ್ಷೆಗೊಳಗಾದ ಮಾಜಿ ಪ್ರಧಾನಿಗೆ ಸಿಕ್ಕಿತು.

ಸದ್ಯದ ಷರತ್ತು: ಬಲ್ಗೇರಿಯನ್ನರ ಹೆಸರನ್ನು ಸಂವಿಧಾನದಲ್ಲಿ ಸೇರಿಸಬೇಕು. 2021ರ ಜನಗಣತಿಯಂತೆ ಸುಮಾರು 18 ಲಕ್ಷ ಜನರಲ್ಲಿ ಅವರು 3,504 ಮಂದಿ. ತಿದ್ದುಪಡಿಗೆ 120 ಸದಸ್ಯರ ಸಂಸತ್ತಿನಲ್ಲಿ 80 ಮತ ಬೇಕು. 2024ರ ಮೇ ತಿಂಗಳಲ್ಲಿ ಗೆದ್ದು ಬಂದ ಪಕ್ಷಕ್ಕೆ ಅದು ಇಷ್ಟವಿಲ್ಲ. ಅದೇ ಪಕ್ಷ ಬೆಂಬಲಿಸಿದ ಅಧ್ಯಕ್ಷೆ ಪ್ರಮಾಣವಚನದಲ್ಲಿ ‘ಉತ್ತರ’ವನ್ನು ಬಿಟ್ಟಾಗ ಗ್ರೀಸಿನ ರಾಯಭಾರಿ ಎದ್ದು ಹೊರನಡೆದರು. ಜೋಡಿಯಾಗಿ ಸಾಗುತ್ತಿದ್ದ ಅಲ್ಬೇನಿಯಾವನ್ನು ಒಕ್ಕೂಟ ಆ ವರ್ಷ ಬಿಡಿಸಿ ಮುಂದಕ್ಕೆ ಕರೆದುಕೊಂಡಿತು.

ಮೊದಲು ತಿದ್ದುಪಡಿ, ಆಮೇಲೆ ಮಾತು ಎನ್ನುತ್ತದೆ ಬಲ್ಗೇರಿಯಾ. ತಿದ್ದುಪಡಿ ಈಗ, ಜಾರಿ ಸದಸ್ಯತ್ವ ಸಿಕ್ಕ ಮೇಲೆ ಎನ್ನುತ್ತದೆ ಸ್ಕೋಪಿಯೆ. ಇದು ಅನ್ಯೋನ್ಯಾಶ್ರಯ ದೋಷವೆಂದು ತಾರ್ಕಿಕರು ಆಕ್ಷೇಪಿಸಬಹುದು. ಆಕ್ಷೇಪಣೆ ಅಂಗೀಕಾರವಾಗಲು 27 ದೇಶಗಳ ಒಮ್ಮತ ಅಗತ್ಯ.