ದೇವಯ್ಯ ಸರ್ಕಲ್‌ನ ದೇವಯ್ಯ

ಸೆಪ್ಟೆಂಬರ್ ಮೊದಲ ವಾರ. ಮಡಿಕೇರಿಯ ಮಳೆ ಎರಡು ದಿನ ಬಿಡುವು ಕೊಟ್ಟಿತ್ತು. ವಾರದಿಂದ ಒಣಗದೆ ಮುಗ್ಗಲು ಹಿಡಿದಿದ್ದ ಬಟ್ಟೆಯನ್ನೆಲ್ಲ ಹಗ್ಗಕ್ಕೆ ಹಾಕುತ್ತಿದ್ದೆ. "ಟೀಚರೇ, ಇದ್ದೀರಾ?" ಅಂತ ದಾಸವಾಳದ ಬೇಲಿಯಾಚೆಯಿಂದ ಕೂಗು ಬಂತು. ಪಕ್ಕದ ಮನೆ ಅಕ್ಕ. ಗಿಡದ ಸಂದಿಯಲ್ಲಿ ಕೈ ತೂರಿಸಿ ಸ್ಟೀಲ್ ಡಬ್ಬಿ ಚಾಚಿದ್ದರು. ಮುಚ್ಚಳ ತೆಗೆದರೆ ಬಿಸಿ ಬಿಸಿ ಕಡಂಬಿಟ್ಟಿನ ಅಕ್ಕಿತರಿ ಉಂಡೆಗಳು, ಪಕ್ಕದ ಪುಟ್ಟ ಬಟ್ಟಲಲ್ಲಿ ಜೇನು. ನಾವು ಮಾಂಸ ತಿನ್ನುವುದಿಲ್ಲವೆಂದು ಇಪ್ಪತ್ತು ವರ್ಷದಿಂದ ನಮ್ಮ ಪಾಲಿಗೆ ಹೀಗೇ ಜೇನು ಬರುತ್ತದೆ.

"ಕೈಲ್ ಪೊಳ್ದ್ ಹಬ್ಬ ಮುಗೀತಲ್ಲ ಅಕ್ಕ, ಮತ್ತೆ ಮಾಡಿದ್ರಾ?"

"ಮೊಮ್ಮಗ ಇನ್ನೂ ಹೊರಟಿಲ್ಲ ನೋಡಿ. ಅವನಿಗೆ ಬೆಂಗಳೂರಲ್ಲಿ ಇದನ್ನ ಯಾರು ಮಾಡಿಕೊಡ್ತಾರೆ? ಆದರೆ ಟೀಚರೇ, ಆ ಹುಡುಗ ನಿನ್ನೆ ಒಂದು ಮಾತು ಕೇಳಿದ. ಅದು ಮನಸ್ಸಲ್ಲೇ ಕೂತುಬಿಟ್ಟಿದೆ."

ಬಟ್ಟೆಯ ಬಕೆಟ್ಟು ಕೆಳಗಿಟ್ಟೆ. ಅಕ್ಕ ಹೀಗೆ ಶುರು ಮಾಡಿದರೆ ಅದು ನಿಂತು ಕೇಳುವ ಮಾತೇ ಆಗಿರುತ್ತದೆ.

ಹುಡುಗ ಮೊಬೈಲಿನಲ್ಲಿ 'ಸ್ಕೈ ಫೋರ್ಸ್' ಎಂಬ ಹಿಂದಿ ಸಿನಿಮಾ ನೋಡಿದ್ದನಂತೆ. 2025ರಲ್ಲಿ ಬಂದದ್ದು. 1965ರ ಯುದ್ಧದಲ್ಲಿ ಹೋಗಿ ಹಿಂತಿರುಗದ ಒಬ್ಬ ಪೈಲಟ್‌ನ ಕತೆ. ನೋಡಿ ಮುಗಿಸಿ, "ಅಜ್ಜಿ, ಇದೆಲ್ಲ ನಿಜವಾ, ಸುಮ್ಮನೆ ಕಟ್ಟಿದ್ದಾ?" ಅಂತ ಕೇಳಿದ.

"ನಿಜವಾ ಅಂತಾನೆ! ಮೊನ್ನೆ ಬಸ್ಸಿಂದ ಇಳಿದು ನನ್ನ ಕೈ ಹಿಡಿದುಕೊಂಡು ಆ ದೇವಯ್ಯನವರ ಪ್ರತಿಮೆ ಪಕ್ಕದಲ್ಲೇ ನಡೆದು ಬಂದಿದ್ದಾನೆ. ಸಿನಿಮಾದವರು ಹೆಸರು ಬದಲಾಯಿಸಿದ್ದಾರೆ, ಅದಕ್ಕೆ ಮಗುವಿಗೆ ಗೊತ್ತಾಗಲಿಲ್ಲ. ಆದರೆ ತಪ್ಪು ನಂದು ಟೀಚರೇ. ಪ್ರತಿಮೆ ಇದೆಯಲ್ಲ ಅಂತ ನಾನು ಬಾಯಿಬಿಟ್ಟು ಹೇಳಿರಲಿಲ್ಲ."

ನಾನೂ ಹೇಳಿರಲಿಲ್ಲ. ಎಷ್ಟೋ ಸಲ ಆಟೋದವರಿಗೆ "ದೇವಯ್ಯ ಸರ್ಕಲ್" ಅಂದಿದ್ದೇನೆ. ಶಾಲೆಯ ಮಕ್ಕಳನ್ನು ಅಲ್ಲಿ ಸಾಲಾಗಿ ರಸ್ತೆ ದಾಟಿಸಿದ್ದೇನೆ. ಆ ಪೂರ್ತಿ ಹೆಸರನ್ನು, ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಎಂಬುದನ್ನು, ಒಂದು ಮಗುವಿಗೂ ಹೇಳಿಕೊಟ್ಟವಳಲ್ಲ.

ಅಕ್ಕನ ಯಜಮಾನರು ವಾಯುಪಡೆಯಲ್ಲಿ ವಿಮಾನ ರಿಪೇರಿಯ ಕೆಲಸದಲ್ಲಿದ್ದವರು. ಅವರು ಈಗಿಲ್ಲ. ಆದರೆ ಅವರು ಹೇಳಿದ್ದನ್ನೆಲ್ಲ ಅಕ್ಕ ಅಕ್ಕಿಡಬ್ಬಿಯಲ್ಲಿ ದುಡ್ಡು ಇಟ್ಟ ಹಾಗೆ ಜೋಪಾನವಾಗಿ ಇಟ್ಟುಕೊಂಡಿದ್ದಾರೆ.

ದೇವಯ್ಯನವರು ಹುಟ್ಟಿದ್ದು 1932ರ ಡಿಸೆಂಬರ್ 24ರಂದು. 1954ರಲ್ಲಿ ಪೈಲಟ್ ಆಗಿ ವಾಯುಪಡೆ ಸೇರಿದರು. 1965ರ ಹೊತ್ತಿಗೆ ಅವರು ಮೇಷ್ಟ್ರು. ಹೊಸ ಹುಡುಗರಿಗೆ ವಿಮಾನ ಹಾರಿಸುವುದನ್ನು ಕಲಿಸುತ್ತಿದ್ದರು. ಮನೆಯಲ್ಲಿ ಹೆಂಡತಿ ಸುಂದರಿ, ಇಬ್ಬರು ಹೆಣ್ಣುಮಕ್ಕಳು. ಯುದ್ಧ ಶುರುವಾದಾಗ ಅವರನ್ನು ಒಂದನೇ ಸ್ಕ್ವಾಡ್ರನ್‌ಗೆ ಹಾಕಿದರು. 'ಟೈಗರ್ಸ್' ಎಂದು ಹೆಸರಾದ ದಳ ಅದು. ಅವರ ಹತ್ತಿರ ಇದ್ದದ್ದು ಫ್ರಾನ್ಸಿನ ಮಿಸ್ಟೇರ್ ವಿಮಾನ.

ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ವಿಮಾನಗಳು ನಮ್ಮ ಪಠಾಣ್‌ಕೋಟ್ ನೆಲೆಯ ಮೇಲೆ ಬಿದ್ದವು. ಮಾರನೆ ದಿನ, 7ರಂದು, ನಮ್ಮವರು ಉತ್ತರ ಕೊಡಲು ಹೊರಟದ್ದು ಸರ್ಗೋಧಾಕ್ಕೆ. ಅದು ಅವರ ವಾಯುಪಡೆಯ ದೊಡ್ಡ ಕೋಟೆ. ಜಲಂಧರದ ಹತ್ತಿರದ ಆದಂಪುರದಿಂದ, ಇನ್ನೂ ಬೆಳಕು ಹರಿಯುವ ಮುಂಚೆ, ವಿಂಗ್ ಕಮಾಂಡರ್ ಓ. ಪಿ. ತನೇಜಾ ಮುಂದಾಳಾಗಿ ವಿಮಾನಗಳು ಎದ್ದವು. ಹನ್ನೆರಡು ವಿಮಾನಗಳ ಯೋಜನೆ. ದೇವಯ್ಯನವರದು ಬದಲಿ ವಿಮಾನ. ಯಾರದಾದರೂ ಕೈಕೊಟ್ಟರೆ ಆ ಜಾಗ ತುಂಬುವುದಕ್ಕೆ ಇಟ್ಟದ್ದು. ಆ ದಿನ ಜಾಗ ತೆರವಾಯಿತು, ಅವರು ಹೋದರು.

"ಸರ್ಗೋಧಾ ಅಂದ್ರೆ ಮಿಸ್ಟೇರ್‌ಗೆ ಎಣ್ಣೆ ಸಾಲೋ ದೂರದ ತುದಿ ಅಂತೆ ಟೀಚರೇ. ಹೋಗಬೇಕು, ಹಾಕಬೇಕು, ನೆಟ್ಟಗೆ ಬರಬೇಕು. ನಡುವೆ ಜಗಳಕ್ಕೆ ನಿಂತರೆ ಮನೆ ಮುಟ್ಟೋದಿಲ್ಲ. ಇದು ಹತ್ತೋ ಮುಂಚೆನೇ ಎಲ್ಲರಿಗೂ ಗೊತ್ತು."

ದಾಳಿ ಮುಗಿಸಿ ತಿರುಗಿದಾಗ ಮೇಲಿಂದ ಬಂದದ್ದು ಸ್ಟಾರ್‌ಫೈಟರ್. ಅಮೆರಿಕ ಕೊಟ್ಟದ್ದು, ಶಬ್ದಕ್ಕಿಂತ ಎರಡು ಪಟ್ಟು ವೇಗದ್ದು. ಮಿಸ್ಟೇರ್ ಸಮತಟ್ಟಾಗಿ ಹಾರುವಾಗ ಶಬ್ದದ ವೇಗವನ್ನೂ ದಾಟದು. ಸ್ಟಾರ್‌ಫೈಟರಿನಲ್ಲಿದ್ದವರು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್. ಅವರ ಗುಂಡು ದೇವಯ್ಯನವರ ವಿಮಾನಕ್ಕೆ ತಾಗಿತು. ಇದರ ಕತೆ ಮುಗಿಯಿತೆಂದುಕೊಂಡರು. ಮುಗಿದಿರಲಿಲ್ಲ. ಏಟು ತಿಂದ ವಿಮಾನವನ್ನೇ ತಿರುಗಿಸಿಕೊಂಡು ದೇವಯ್ಯ ಮೇಲೆ ಬಿದ್ದರು.

"ಅಷ್ಟು ವೇಗದ್ದನ್ನ ಇದು ಹೇಗೆ ಹಿಡೀತು ಅಕ್ಕ?" ಅಂದೆ.

ಅಕ್ಕ ನಮ್ಮ ಎರಡು ಮನೆಗಳ ನಡುವಿನ ಓಣಿಯತ್ತ ಕೈ ತೋರಿಸಿದರು. "ನಮ್ಮ ಯಜಮಾನರು ಹೇಳ್ತಿದ್ರು. ಈ ಓಣಿಯಲ್ಲಿ ಒಬ್ಬ ಬುಲೆಟ್ ಬೈಕಲ್ಲಿ ಬರ್ತಾನೆ, ಇನ್ನೊಬ್ಬ ಸೈಕಲ್ಲಲ್ಲಿ. ನೆಟ್ಟಗೆ ಓಡಿದರೆ ಸೈಕಲ್ ಗೆಲ್ಲೋದುಂಟಾ? ಆದರೆ ಆ ಹಲಸಿನ ಮರ ಸುತ್ತಬೇಕು ಅನ್ನಿ. ಸೈಕಲ್ ಅಲ್ಲೇ ಗಿರಕಿ ಹೊಡೆದು ಬರುತ್ತೆ, ಬೈಕಿಗೆ ಗೇಟಿನ ತನಕ ಜಾಗ ಬೇಕು. ಸ್ಟಾರ್‌ಫೈಟರಿನ ರೆಕ್ಕೆ ತೀರಾ ಗಿಡ್ಡ. ನೆಟ್ಟಗೆ ಓಡೋಕೆ ಮಾಡಿದ್ದು, ತಿರುಗೋಕಲ್ಲ. ಅದು ವೇಗ ಕಡಿಮೆ ಮಾಡಿ ತಿರುಗಾಟಕ್ಕೆ ಇಳೀತು. ಇವರಿಗೆ ಬೇಕಾದ್ದು ಅದೇ."

ಮಿಸ್ಟೇರಿನ 30 ಮಿಲಿಮೀಟರ್ ತೋಪುಗಳ ಏಟಿಗೆ ಸ್ಟಾರ್‌ಫೈಟರ್ ಕೆಡೆಯಿತು. ಅಮ್ಜದ್ ಹುಸೇನ್ ಪ್ಯಾರಾಶೂಟ್ ಬಿಚ್ಚಿ ಇಳಿದು ಬದುಕಿಕೊಂಡರು. ದೇವಯ್ಯನವರ ವಿಮಾನವೂ ಅಲ್ಲೇ ನೆಲಕ್ಕೆ ಬಿತ್ತು. ಅವರಿಗೆ ಆಗ 32 ವರ್ಷ.

ಇದನ್ನು ನೋಡಿದ ನಮ್ಮವರು ಯಾರೂ ಇಲ್ಲ. ಬೇರೆ ವಿಮಾನಗಳೆಲ್ಲ ಮನೆಯ ದಾರಿ ಹಿಡಿದಿದ್ದವು. ಆದಂಪುರದಲ್ಲಿ ಇಳಿದವರನ್ನು ಎಣಿಸಿದರು, ಒಬ್ಬರು ಕಡಿಮೆ. ಕಾಗದದ ಮೇಲೆ ಬರೆದದ್ದು 'ಕಾಣೆಯಾಗಿದ್ದಾರೆ'.

ಅಕ್ಕ ಸ್ವಲ್ಪ ಹೊತ್ತು ಸುಮ್ಮನಾದರು. ದಾಸವಾಳದ ಒಣಗಿದ ಹೂವೊಂದನ್ನು ಚಿವುಟಿ ಕೆಳಗೆ ಹಾಕಿದರು.

"71ರ ಯುದ್ಧದಲ್ಲಿ ನಂಗೆ ಮದುವೆಯಾಗಿ ಎಂಟು ತಿಂಗಳು. ನಮ್ಮ ಯಜಮಾನರು ಎಲ್ಲಿದ್ದಾರೆ ಅಂತ ನಂಗೆ ಗೊತ್ತಿಲ್ಲ. ವಿಳಾಸ ಅಂದ್ರೆ 56 ಎಪಿಒ, ಅಷ್ಟೇ. ಹದಿನೇಳು ದಿನ ಕಾಗದ ಬರಲಿಲ್ಲ. ದಿನಾ ಅಂಚೆಯವನ ಸೈಕಲ್ ಬೆಲ್ಲಿಗೆ ಗೇಟಿಗೆ ಓಡ್ತಿದ್ದೆ. ಹದಿನೆಂಟನೇ ದಿನ ನೀಲಿ ಇನ್‌ಲ್ಯಾಂಡ್ ಬಂತು, 'ಚೆನ್ನಾಗಿದ್ದೇನೆ, ಚಳಿ ಜಾಸ್ತಿ' ಅಂತ. ಹದಿನೇಳು ದಿನಕ್ಕೇ ನಾನು ಅರ್ಧ ಆಗಿದ್ದೆ ಟೀಚರೇ. ದೇವಯ್ಯನವರ ಹೆಂಡತಿ, ಆ ತಾಯಿ, ಎಷ್ಟು ವರ್ಷ ಬಾಗಿಲು ನೋಡಿರಬೇಕು! ಸತ್ತರು ಅಂದ್ರೆ ಅಳಬಹುದು. ಕಾಣೆ ಅಂದ್ರೆ ಅಳೋದಕ್ಕೂ ಮನಸ್ಸು ಒಪ್ಪೋದಿಲ್ಲ. ಎಲ್ಲಾದರೂ ಇದ್ದರೆ?"

ಅದೇ ಯುದ್ಧದ ಕೊನೆಯ ದಿನ, ಸೆಪ್ಟೆಂಬರ್ 22ರಂದು, ಕೊಡಗಿನ ಇನ್ನೊಬ್ಬ ಪೈಲಟ್ ಬಿದ್ದರು. ಜನರಲ್ ಕಾರ್ಯಪ್ಪನವರ ಮಗ ನಂದಾ ಕಾರ್ಯಪ್ಪ. ಅವರು ಸೆರೆಯಾದರು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಕಾರ್ಯಪ್ಪನವರನ್ನು ಹಿಂದಿನಿಂದ ಬಲ್ಲವರು, ಸುದ್ದಿ ಕಳಿಸಿದರು. ಎಲ್ಲ ಸೆರೆಯಾಳುಗಳನ್ನೂ ಒಂದೇ ತರಹ ನೋಡಿಕೊಳ್ಳಿ, ನನ್ನ ಮಗನೆಂದು ಬೇರೆ ಮಾಡಬೇಡಿ ಎಂದು ತಂದೆ ಹೇಳಿದ್ದನ್ನು ಮಡಿಕೇರಿಯಲ್ಲಿ ಕೇಳದವರಿಲ್ಲ. 1966ರ ಜನವರಿಯಲ್ಲಿ ಮಗ ಮನೆಗೆ ಬಂದರು, ಮುಂದೆ ಏರ್ ಮಾರ್ಷಲ್ ಆದರು. ಒಂದೇ ಯುದ್ಧ, ಒಂದೇ ತಿಂಗಳು, ಒಂದೇ ನಾಡು. ಒಂದು ಮನೆಗೆ ಮಗ ಬಂದ, ಇನ್ನೊಂದಕ್ಕೆ ಸುದ್ದಿಯೂ ಬರಲಿಲ್ಲ.

ಸುದ್ದಿ ಬಂದದ್ದು 14 ವರ್ಷದ ಮೇಲೆ, ಅದೂ ಆಚೆ ಕಡೆಯಿಂದ. 1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕರು 65ರ ವಾಯುಯುದ್ಧದ ಮೇಲೆ ಪುಸ್ತಕ ಬರೆದರು. ಪಾಕಿಸ್ತಾನದ ವಾಯುಪಡೆಯ ನೆರವಿನಿಂದ ಬರೆದ ಪುಸ್ತಕ. ತಮ್ಮ ಸ್ಟಾರ್‌ಫೈಟರನ್ನು ಕೆಡವಿದ್ದು ಒಂದು ಮಿಸ್ಟೇರ್ ಎಂಬುದು ಅದರಲ್ಲಿತ್ತು. ಆ ಬೆಳಗಿನ ದಾಳಿಯಿಂದ ಹಿಂತಿರುಗದ ಮಿಸ್ಟೇರ್ ಒಂದೇ. ದಾಳಿಯ ಮುಂದಾಳಾಗಿದ್ದ ತನೇಜಾ ಅವರು ಇದನ್ನು ಹಿಡಿದುಕೊಂಡು ಮೇಲಿನವರ ಗಮನಕ್ಕೆ ತಂದರು. 1988ರಲ್ಲಿ, 23 ವರ್ಷ ಕಳೆದ ಮೇಲೆ, ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ಪರಮವೀರ ಚಕ್ರದ ನಂತರದ ಗೌರವ ಅದು. ಬೆಳ್ಳಿಯ ದುಂಡನೆಯ ಪದಕ, ಅರ್ಧ ಬಿಳಿ ಅರ್ಧ ಕಿತ್ತಳೆ ಬಣ್ಣದ ಪಟ್ಟಿ. ಅದನ್ನು ಪಡೆದವರು ಸುಂದರಿ ದೇವಯ್ಯ.

ಇನ್ನೊಂದು ಸಂಗತಿಯೂ ತಡವಾಗಿ ತಿಳಿಯಿತು. ಬಿದ್ದ ಜಾಗದ ಹಳ್ಳಿಯವರು ಅವರ ದೇಹವನ್ನು ಅಲ್ಲಿನ ಹೊಲದಲ್ಲೇ ಮಣ್ಣು ಮಾಡಿದ್ದರಂತೆ. ಪಾಕಿಸ್ತಾನದ ನಿವೃತ್ತ ವಾಯುಪಡೆ ಅಧಿಕಾರಿಯೊಬ್ಬರು ಇದನ್ನು ಬರೆದಿದ್ದಾರೆ.

"ಯಾರೋ ರೈತರು ಮಣ್ಣು ಕೊಟ್ಟರಲ್ಲ, ಅವರ ಹೊಟ್ಟೆ ತಣ್ಣಗಿರಲಿ," ಅಂದರು ಅಕ್ಕ. ಮನಸಾರೆ ಅಂದರು. ಶತ್ರುವಿನ ವಿಮಾನದ ಪೈಲಟ್‌ಗೆ ಗುಂಡಿ ತೋಡಿದ ಕೈಗಳು ಅವು. ತಮ್ಮ ಕಡೆ ನಡೆದದ್ದನ್ನು ಮುಚ್ಚಿಡದೆ ಬರೆಯಲು ಬಿಟ್ಟವರೂ ಆ ಕಡೆಯವರೇ. ಇಲ್ಲದಿದ್ದರೆ ದೇವಯ್ಯನವರು ಇವತ್ತಿಗೂ 'ಕಾಣೆ'ಯ ಪಟ್ಟಿಯಲ್ಲೇ ಉಳಿಯುತ್ತಿದ್ದರು.

ನನಗೆ ಅನ್ನಿಸುವುದು ಇಷ್ಟು. ಆ ಬೆಳಗಿನ ಧೈರ್ಯಕ್ಕೆ ಪದಕ ಬಂತು, ಸರಿಯಾಗಿಯೇ ಬಂತು. ಆದರೆ ಆ 23 ವರ್ಷ ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸುತ್ತ ಮನೆ ನಡೆಸಿದ್ದಕ್ಕೆ ಯಾವ ಪದಕವೂ ಇಲ್ಲ. ಅದೂ ಸೇವೆಯೇ. ಪ್ರತಿಮೆಗೆ ಹಾರ ಹಾಕುವಾಗ ಆ ಸೇವೆಯನ್ನೂ ನೆನೆಯಬೇಕು. ಕೊಡಗಿನ ಎಷ್ಟು ಮನೆಗಳಲ್ಲಿ ಗಂಡಸರು ಸೈನ್ಯದಲ್ಲಿದ್ದಾರೋ ಅಷ್ಟು ಮನೆಗಳ ಹೆಂಗಸರು ಅಂಚೆಯವನ ಬೆಲ್ಲಿಗೆ, ಈಗ ಮೊಬೈಲಿನ ಗಂಟೆಗೆ, ಎದೆ ಹಿಡಿದುಕೊಂಡು ಎದ್ದವರೇ.

ಅಷ್ಟರಲ್ಲಿ ಮೊಮ್ಮಗ ಒಳಗಿಂದ ಬಂದ. ಕೋವಿಗೆ ಹಬ್ಬದ ದಿನ ಸಿಕ್ಕಿಸಿದ್ದ ತೋಕ್‌ಪೂ ಬಾಡಿ ಬಿದ್ದದ್ದು ಅವನ ಕೈಯಲ್ಲಿತ್ತು. "ಅಜ್ಜಿ, ನಾಡಿದ್ದು ಬಸ್ ಹತ್ತುವಾಗ ದೇವಯ್ಯನವರಿಗೆ ಹೊಸ ಹೂವು ಇಡೋಣವಾ?" ಅಂದ. ಅಕ್ಕ ಅವನ ತಲೆ ಸವರಿದರು. ನಾಡಿದ್ದು ಅಂದರೆ ಸೆಪ್ಟೆಂಬರ್ 7 ಎಂದು ಅವನಿಗೆ ಗೊತ್ತಿರಲಿಲ್ಲ. ನಾನು ಹೇಳಿದೆ.

ನೀವು ಮಡಿಕೇರಿಗೆ ಬಂದರೆ ರಾಜಾಸೀಟಿಗೆ ಹೋಗುವ ಮುಂಚೆ ಖಾಸಗಿ ಬಸ್ ನಿಲ್ದಾಣದ ಹತ್ತಿರ ಆ ಪ್ರತಿಮೆಯ ಮುಂದೆ ಐದು ನಿಮಿಷ ನಿಲ್ಲಿ. ಜೊತೆಯಲ್ಲಿ ಮಕ್ಕಳಿದ್ದರೆ ಆ ಹೆಸರನ್ನು ಪೂರ್ತಿಯಾಗಿ ಓದಿಸಿ. ಇವರು ಮೇಷ್ಟ್ರಾಗಿದ್ದರು, ಇಬ್ಬರು ಹೆಣ್ಣುಮಕ್ಕಳ ಅಪ್ಪನಾಗಿದ್ದರು, ಬದಲಿಯಾಗಿ ಹೋಗಿ ತಮ್ಮದಕ್ಕಿಂತ ದೊಡ್ಡದನ್ನು ಕೆಡವಿದರು ಎಂದು ಹೇಳಿ. ಮಡಿಕೇರಿಯ ಮಕ್ಕಳಿಗೆ ಇನ್ನು ಮೇಲೆ ನಾನು ಹೇಳುತ್ತೇನೆ.